ಇಬ್ಬರೂ ಬನ್ನಿ ಎನ್ನುತ್ತಿದ್ದ ಗುಮಾಸ್ತರು

ನಾನು ಮೇಷ್ಟರ ಕೆಲಸದಿಂದ ನಿವೃತ್ತನಾಗುವ ವರ್ಷ ಪಿಂಚಣಿ ಕಾಗದಗಳಿಗಾಗಿ ಶಿಡ್ಲಘಟ್ಟದ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಕಡತ ಬಿಚ್ಚುವ ಮೊದಲೇ, "ಮನೆಯವ್ರು ಬಂದಿದ್ದಾರಾ ಸಾರ್?" ಎಂದು ಕೇಳಿದರು. ಯಾರೇ ಹೋಗಲಿ, ಅವರದು ಅದೇ ಮೊದಲ ಪ್ರಶ್ನೆ. ಒಬ್ಬರೇ ಬಂದಿದ್ದರೆ ಕನ್ನಡಕವನ್ನು ಹಣೆಗೇರಿಸಿ, "ನಾಳೆ ಇಬ್ರೂ ಬನ್ನಿ" ಎಂದು ಕಡತವನ್ನು ಮೆಲ್ಲನೆ ಪಕ್ಕಕ್ಕಿಡುತ್ತಿದ್ದರು.

ಮರುದಿನ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವರು ತಮ್ಮ ಕುರ್ಚಿಯನ್ನೇ ಅವಳಿಗೆ ಕೊಟ್ಟು, ನಾನಿಲ್ಲದ ಕಾಲಕ್ಕೆ ಅವಳಿಗೆ ಬರುವ ಪಿಂಚಣಿಯ ವಿಷಯವನ್ನು ನಿಂತುಕೊಂಡೇ ಬಿಡಿಸಿ ಹೇಳಿದರು. ಆಮೇಲೆ ನನ್ನತ್ತ ತಿರುಗಿ, "ಈಗ ಒಟ್ಟಿಗೆ ಬರೋ ದುಡ್ಡಲ್ಲಿ ಏನ್ಮಾಡ್ತೀರಿ?" ಎಂದರು.

"ಮಹಡಿ ಕಟ್ಟಿಸ್ತೀನಿ. ಕೆಳಗಡೆ ಬಾಡಿಗೆಗೆ ಕೊಟ್ಟು ನಾವಿಬ್ರೂ ಮೇಲಿರ್ತೀವಿ" ಎಂದೆ ಹೆಮ್ಮೆಯಿಂದ.

"ನೀವೇನಂತೀರಮ್ಮ?"

ಅವಳು ಮಂಡಿಯ ಮೇಲೆ ಕೈಯಿಟ್ಟುಕೊಂಡಳು. "ನಂಗೆ ಮೆಟ್ಲು ಹತ್ತೋಕಾಗಲ್ಲಣ್ಣ. ಎರಡು ವರ್ಷದಿಂದ ಮಂಡಿ ನೋವು. ಇವರ ಆಸೆ, ಬೇಡ ಅಂತ ಯಾಕನ್ಲಿ ಅಂತ ಸುಮ್ನಿದ್ದೆ."

ನನಗೆ ನಾಚಿಕೆಯಾಯಿತು. ಗುಮಾಸ್ತರು ಸಹಿ ಹಾಕುವ ಜಾಗವನ್ನು ಅವಳಿಗೆ ತೋರಿಸಿ, "ಇನ್ನೂ ಟೈಮಿದೆ, ಕೂತು ಮಾತಾಡ್ಕೊಳ್ಳಿ" ಎಂದು ಇಬ್ಬರಿಗೂ ಟೀ ತರಿಸಿದರು.

ಬಸ್ಸಿನಲ್ಲಿ ನಮ್ಮೂರು ದಿಬ್ಬೂರಹಳ್ಳಿಯವರೆಗೂ ಮಾತಾಡಿದೆವು. ಮಹಡಿ ಕಟ್ಟಿಸಲಿಲ್ಲ. ಅವಳ ಮಂಡಿಗೆ ಆಪರೇಷನ್ ಮಾಡಿಸಿ, ಉಳಿದದ್ದನ್ನು ಇಬ್ಬರ ಹೆಸರಿನಲ್ಲೂ ಬ್ಯಾಂಕಿನಲ್ಲಿಟ್ಟೆವು. ಈಗ ಸಂಜೆ ಕೆರೆ ಏರಿಯ ಮೇಲೆ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಾಳೆ. ನಿಲ್ಲು ಎಂದು ಕೂಗಿದರೆ, ತಿರುಗಿಯೂ ನೋಡದೆ, "ಬೇಗ ಬನ್ರೀ" ಎನ್ನುತ್ತಾಳೆ.