ನಾನು ಕಟ್ಟದ ತಪ್ಪು ಕಾಣಿಕೆ

ಯಲ್ಲಮ್ಮನಿಗೆ ನಡೆದುಕೊಳ್ಳುವ ನಿಮಗೆಲ್ಲ ಶರಣು. ಹೋದ ಶ್ರಾವಣದಲ್ಲಿ ನನ್ನ ಗಂಡನನ್ನು ಗೋವಾದ ಕುಂಕಳ್ಳಿಯಿಂದ ಮಡಗಾಂವಿನ ಆಸ್ಪತ್ರೆಗೆ ಒಯ್ದಾಗ ಅವರಿಗೆ ಒಂದು ಮಾತು ಪೂರ್ತಿ ಆಡುವಷ್ಟು ಉಸಿರಿರಲಿಲ್ಲ. ವೈರಸ್ ಜ್ವರ ಎರಡೂ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಸ್ಕ್ಯಾನ್ ಮಾಡಿದವರು ಲಿವರಿನಲ್ಲೂ ಕೊಬ್ಬು ತುಂಬಿದೆ ಎಂದರು. ಕುಡಿಯುತ್ತಾರಾ ಎಂದು ಕೇಳಿದರು.

ಇಲ್ಲ ಎಂದೆ. ಮದುವೆಯಾದ ವರ್ಷವೇ ಸವದತ್ತಿ ಗುಡ್ಡದಲ್ಲಿ ಭಂಡಾರ ಮುಟ್ಟಿ, ಇನ್ನು ಸೆರೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿದವರು ಅವರು. ಕಾರ್ಖಾನೆಯ ಗೇಟಿನಲ್ಲಿ ಕೂತು ಕಾಯುವ ಕೆಲಸ. ಚಹಾ, ಪಾವು ಬಿಟ್ಟರೆ ಬೇರೆ ಚಟವಿಲ್ಲ.

ಆದರೆ ಲಿವರ್ ಕೆಡುವುದು ಕುಡುಕರಿಗೇ ಎಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅವರನ್ನು ಹೆತ್ತ ತಾಯಿ, ನನ್ನ ಅತ್ತೆಯೇ ನಂಬಲಿಲ್ಲ.

"ಗೋವಾಕ್ಕ ಬಂದು ಕುಡೀಲಾರದಾಂವ ಯಾಂವ ಅದಾನ? ಆಣಿ ಮುರದಾನ, ತಾಯಿ ಮುನಿಸಿಕೊಂಡಾಳ. ತಪ್ಪು ಕಾಣಿಕಿ ಕಟ್ಟು ಶಾಂತವ್ವಾ, ಇಲ್ಲಂದ್ರ ನನ್ನ ಮಗಾ ಉಳಿಯೂದಿಲ್ಲ," ಎಂದು ಹಳದಿ ಬಟ್ಟೆಯನ್ನೂ ನಾಣ್ಯವನ್ನೂ ನನ್ನ ಮುಂದೆ ಹಿಡಿದರು.

ಆ ಗಂಟು ಹಾಕಿದರೆ, ಆಕ್ಸಿಜನ್ ಮಾಸ್ಕಿನೊಳಗೆ ಬಾಯಿ ಬಿಡಲಾರದ ಮನುಷ್ಯ ಸುಳ್ಳುಗಾರ ಎಂದು ದೇವಿಯ ಮುಂದೆ ನಾನೇ ಒಪ್ಪಿದ ಹಾಗೆ. ಹಾಕದೆ ಅವರು ಹೋದರೆ, ಕೊಂದವಳು ನಾನು.

"ನಾ ಕಟ್ಟೂದಿಲ್ರಿ ಅತ್ತಿ," ಎಂದೆ.

ಗಂಡನ ಸ್ಥಿತಿ ಇನ್ನೂ ಕೆಟ್ಟಿತು. ಐಸಿಯುಗೆ ಹಾಕಿದರು. ಆಸ್ಪತ್ರೆಗೆ ಹೋಗಿಬರುವ ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಅತ್ತೆ ನನ್ನೊಡನೆ ಮಾತು ಬಿಟ್ಟರು. ನನಗೂ ದೇವಿಯ ಮುಂದೆ ಗಂಡನ ಪ್ರಾಣ ಬೇಡುವ ಧೈರ್ಯ ಉಳಿಯಲಿಲ್ಲ. ಖರೇ ಏನೆಂದು ತೋರಿಸು ತಾಯಿ ಎಂದಷ್ಟೇ ಬೇಡಿದೆ.

ಒಂದು ಮಧ್ಯಾಹ್ನ ಡಾಕ್ಟರು ನಮ್ಮಿಬ್ಬರನ್ನೂ ಕರೆದು ಹಿಂದಿಯಲ್ಲಿ ಹೇಳಿದರು: "ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಲಿವರಿನಲ್ಲಿ ಕೊಬ್ಬಿದ್ದವರಿಗೆ ಇಂಥ ನ್ಯುಮೋನಿಯಾ ಬಂದರೆ ಬಿಗಡಾಯಿಸುವುದು ಜಾಸ್ತಿ. ಇವರಿಗೆ ಸಕ್ಕರೆ ಕಾಯಿಲೆಯೂ ಇದೆ. ಮನೆಯಲ್ಲಿ ಮತ್ತೆ ಯಾರಿಗಾದರೂ ಇದೆಯಾ?"

ನಾನು ಕನ್ನಡದಲ್ಲಿ ಕೇಳಿದಾಗ ಅತ್ತೆ, "ನನಗೈತ್ರಿ ಸಕ್ರಿ ಬ್ಯಾನಿ. ಹಿಂದ ಹೊಟ್ಟಿನೋವಿಗೆ ತೋರಿಸಿದಾಗ ಲಿವರಿನ್ಯಾಗ ಕೊಬ್ಬು ಐತಿ ಅಂತನೂ ಅಂದಿದ್ರು," ಎಂದರು.

ನಾನು ಅದನ್ನು ತಿಳಿಸಿದೆ. ಡಾಕ್ಟರು ಅತ್ತೆಯ ಕಡೆ ತಿರುಗಿದರು. "ನೀವು ಏನು ಕುಡಿಯುತ್ತೀರಿ, ಆಯಿ?"

ಮಂಗಳವಾರ, ಶುಕ್ರವಾರ ಒಪ್ಪತ್ತು ಮಾಡುವ, ಸೆರೆಯಂಗಡಿ ಬಂದರೆ ಮೂಗಿಗೆ ಸೆರಗು ಹಿಡಿಯುವ ನಮ್ಮತ್ತೆ ಗಲ್ಲ ಗಲ್ಲ ಬಡಿದುಕೊಂಡರು. ಕುಡಿಯದವರಿಗೂ ಇದು ಬರುತ್ತದೆ ಎಂದು ಡಾಕ್ಟರು ಹೇಳಿ ಹೋದರು.

ಅಂದೂ ನನಗೆ ಆಸೆ ಹುಟ್ಟಲಿಲ್ಲ. ಹೋದರೂ ಮಾತಿಗೆ ತಪ್ಪದವರಾಗಿ ಹೋಗುತ್ತಾರೆ ಎಂದು ಐಸಿಯು ಬಾಗಿಲಲ್ಲಿ ನಾನು ಅತ್ತುಬಿಟ್ಟೆ. ಅಳುತ್ತಲೇ ತಾಯಿಗೆ ಉಧೋ ಎಂದೆ.

ಆಮೇಲೆ, ಯಾರೂ ನೆನೆಸದ ಹಾಗೆ, ಅವರು ಚೇತರಿಸಿಕೊಂಡು, ಕೊಡಬೇಕಾದ ಆಕ್ಸಿಜನ್ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂತು. ದಸರೆಯ ಹೊತ್ತಿಗೆ ಮನೆಗೆ ಬಂದರು. ಈಗಲೂ ಒಂದು ಕೊಡ ನೀರು ಎತ್ತಿದರೆ ಏದುಸಿರು. ಗೇಟಿನ ಕೆಲಸ ಹೋಯಿತು. ಆದರೂ ತಾಯಿ ಗಂಡನನ್ನೂ ಕೊಟ್ಟಳು, ಗಂಡನ ಮಾತನ್ನೂ ಉಳಿಸಿದಳು. ಅವಳ ಪಾದ ನಾನು ಬಿಡುವವಳಲ್ಲ.

ಮನೆಗೆ ಬಂದ ದಿನ ದೇವರ ಜಗಲಿಯ ಮೇಲೆ ಹಳದಿ ಗಂಟು ಕಂಡು ಅವರು ನನ್ನ ಮುಖ ನೋಡಿದರು.

"ತಪ್ಪು ಕಾಣಿಕಿ ಯಾರದು?"

"ನಂದೋ ಯಪ್ಪಾ," ಎಂದರು ಅತ್ತೆ. "ನಿನ್ನ ಮಾತು ನಾ ನಂಬಲಿಲ್ಲಲ್ಲ, ಅದಕ್ಕ."