ಐದನೇ ಸೋಮವಾರದ ಮ್ಯಾಟ್ನಿ

ನನ್ನ ತಮ್ಮ ಉರಿಯುವ ಕರ್ಪೂರದ ಮೇಲೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡದ್ದು ನನ್ನಿಂದ. ಊರಿನಲ್ಲಿ ಇದನ್ನು ಬೇರೆ ಥರ ಹೇಳುತ್ತಾರೆ. ಹುಲ್ಲಿನ ಮೆದೆಗೆ ಬೆಂಕಿ ಇಟ್ಟವನಿಗೆ ದೇವರ ಮುಂದೆ ಕೈ ನಡುಗಿತು ಅನ್ನುತ್ತಾರೆ. ಐದು ವರ್ಷ ನಾನೂ ಆ ಮಾತನ್ನು ಕೇಳಿಸಿಕೊಂಡು ಸುಮ್ಮನೆ ಕೂತಿದ್ದೆ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಅವ್ವ ಕೂಲಿಗೆ ಹೋಗಬೇಕಾಯಿತು. ದೇವನೂರಿನ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ನಾನು ಸ್ಕೂಲು ಬಿಟ್ಟೆ. ಅವನಿಗೆ ಅನ್ನ ಕಲಸಿ ಕೊಟ್ಟು ಪಕ್ಕದ ಮನೆಯ ಟಿವಿ ಮುಂದೆ ಕೂರಿಸಿದರೆ ಪಾತ್ರೆ ತೊಳೆದು ಮುಗಿಸುವಷ್ಟು ಹೊತ್ತು ಸಿಗುತ್ತಿತ್ತು. ಒಂದು ಸಿನಿಮಾದ ಮೊದಲನೇ ಭಾಗವನ್ನು ನಾವಿಬ್ಬರೂ ನೋಡಿದ್ದು ಹಾಗೆ, ನಾನು ಬಾಗಿಲಲ್ಲಿ ನಿಂತು, ಅವನು ನೆಲದ ಮೇಲೆ ಕೂತು.

ಆಕಾಶದಾಚೆ ಎಲ್ಲೋ ಒಂದು ಗಣಿ. ಅಲ್ಲಿನ ಗಾಳಿಯೇ ವಿಷ. ಕೆಲಸದವರೆಲ್ಲ ಮುಖಕ್ಕೆ ಮುಸುಕು ಹಾಕಿಕೊಂಡೇ ಇರಬೇಕು. ಒಬ್ಬ ಕೈದಿ ಮಾತ್ರ ಬರಿ ಮೂಗಿನಲ್ಲಿ ಉಸಿರಾಡುತ್ತಾನೆ, ಆದರೂ ಸಾಯುವುದಿಲ್ಲ. ಹೇಗೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಎಲ್ಲರಿಗೂ ಅವನನ್ನು ಕಂಡರೆ ಭಯ. ಕಬ್ಬಿಣದ ಮನುಷ್ಯರನ್ನು ಹಿಡಿದು ಮುರಿದು ಹಾಕುತ್ತಾನೆ. ಒಳ್ಳೆಯವನೇನಲ್ಲ, ದುಡ್ಡು ಕೊಟ್ಟರೆ ಕೊಲ್ಲುತ್ತಾನೆ. ಆದರೆ ಪ್ರತಿ ಭಾಗದಲ್ಲೂ ಅವನು ಮಾಡದ ಒಂದು ಕೊಲೆಯನ್ನು ಅವನ ತಲೆಗೆ ಕಟ್ಟುತ್ತಾರೆ. ಅವನು ‘ನಾನಲ್ಲ’ ಎನ್ನುವುದಿಲ್ಲ. ಕೊನೆಯಲ್ಲಿ ಬೆನ್ನು ತೋರಿಸಿ ನಡೆದು ಹೋಗುತ್ತಾನೆ.

ನನಗೆ ಅದು ಸಿಟ್ಟು ಬರಿಸುತ್ತಿತ್ತು. “ನಾನು ಮಾಡಿಲ್ಲ ಅಂತ ಒಂದು ಮಾತು ಹೇಳಿದರೆ ಇವನ ಗಂಟೇನು ಹೋಗುತ್ತೋ?” ಅಂತ ಬೈಯುತ್ತಿದ್ದೆ.

“ಏಳುಬುಟ್ರೆ ಸಿನ್ಮಾ ಅರ್ಧ ಗಂಟೇಲಿ ಮುಗ್ದೋಯ್ತದೆ ಕಣಕ್ಕ,” ಅನ್ನುತ್ತಿದ್ದ ತಮ್ಮ.

ಎರಡನೇ ಭಾಗ, ಮೂರನೇ ಭಾಗ ಬರುವ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಆ ಕೈದಿಯ ಹಾಗೆ ತಲೆ ನುಣ್ಣಗೆ ಬೋಳಿಸಿಕೊಂಡ, ಕಪ್ಪು ಬನಿಯನ್ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಹುಡುಗರು “ಬಂದ ಕಣ್ರಲಾ ವಿಷಗಾಳಿ, ಮೂಗು ಮುಚ್ಕೊಳಿ,” ಅಂತ ರೇಗಿಸುತ್ತಿದ್ದರು. ಅವನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅಷ್ಟೇ. ಕೋಳಿ ಕೊಯ್ಯುವುದನ್ನು ಕಂಡರೆ ಮುಖ ತಿರುಗಿಸುವ ಹುಡುಗ ಅವನು.

ನನ್ನನ್ನು ಸೋಮನಾಥಪುರಕ್ಕೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲ. ನನ್ನ ಗಂಡ ಏನೂ ಅನ್ನುವವರಲ್ಲ, ಅತ್ತೆಯೂ ಬಾಯಲ್ಲಿ ಏನೂ ಅನ್ನಲಿಲ್ಲ, ಒಂದು ಹರಕೆ ಹೇಳಿದರು. ಐದು ಸೋಮವಾರ ನಂಜನಗೂಡಿಗೆ ಹೋಗಿ, ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ದೇವಸ್ಥಾನ ಸುತ್ತಿ ಬರಬೇಕು. ಒಂದೂ ತಪ್ಪಬಾರದು.

ನಾಲ್ಕು ಸೋಮವಾರ ತಪ್ಪದೆ ಹೋದೆ. ಬೆಳಿಗ್ಗೆ ಟಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ಸುತ್ತಿದ ಮೇಲೆ ಸೀರೆ ಬದಲಾಯಿಸಿ, ಒದ್ದೆ ಸೀರೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಬರುತ್ತಿದ್ದೆ. ಅತ್ತೆ ಅದನ್ನು ತಾವೇ ತೆಗೆದು ಹಿತ್ತಲಲ್ಲಿ ಹರವುತ್ತಿದ್ದರು. ಪ್ರತಿ ಸಲವೂ ನನ್ನ ತಮ್ಮ ನಂಜನಗೂಡಿನ ಬಸ್‌ಸ್ಟ್ಯಾಂಡಿಗೆ ಬಂದು ಅವ್ವ ಕಟ್ಟಿಕೊಟ್ಟ ರೊಟ್ಟಿ ಕೊಟ್ಟು ಹೋಗುತ್ತಿದ್ದ.

ಐದನೇ ಸೋಮವಾರ ನನಗೆ ಮೈಗೆ ಹುಷಾರಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಬೇಸರ ಬಂದಿತ್ತು. ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು, ಈ ಹೊಳೆ, ಈ ಚಳಿ, ಇದೆಲ್ಲ ನನಗೊಬ್ಬಳಿಗೇ ಯಾಕೆ ಅಂತ ತಮ್ಮನ ಮುಂದೆ ಅತ್ತುಬಿಟ್ಟೆ. ಆ ವಾರ ಆ ಸಿನಿಮಾದ ನಾಲ್ಕನೇ ಭಾಗ ನಂಜನಗೂಡಿನಲ್ಲೇ ಓಡುತ್ತಿತ್ತು.

“ಬಾ, ಮ್ಯಾಟ್ನಿಗೋಗವ,” ಅಂದ.

“ಹರಕೆ ಕಣೋ.”

“ಅವ್ನೂ ವಿಷ ಕುಡ್ದೋನೇ, ಇವ್ನೂ ವಿಷ ಕುಡ್ದೋನೇ. ಒಳಗಿರೋ ನಂಜುಂಡಪ್ಪ ಬೇಜಾರ್ ಮಾಡ್ಕೊಳಲ್ಲ, ಬಾ ಅಕ್ಕ.”

ಅಳುತ್ತಿದ್ದವಳಿಗೆ ನಗು ಬಂತು. ಹೊಳೆಗೆ ಇಳಿಯದೆ ಅವನ ಜೊತೆ ಹೋದೆ. ಮದುವೆಯಾದ ಮೇಲೆ ಅಷ್ಟು ಸಂತೋಷವಾಗಿ ಮೂರು ಗಂಟೆ ಕೂತದ್ದು ನನಗೆ ನೆನಪಿಲ್ಲ. ಅವನು ಕಡ್ಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕಿದ. ಮನೆಗೆ ಬಂದು ಅತ್ತೆಗೆ, “ಆಯಿತು ಅತ್ತೆ, ಐದೂ ಮುಗಿಯಿತು,” ಅಂದೆ. ಅವರು ನನ್ನ ಹಣೆಗೆ ವಿಭೂತಿ ಇಟ್ಟರು.

ಅದೇ ಮಧ್ಯಾಹ್ನ, ನಾವು ಥಿಯೇಟರಿನಲ್ಲಿದ್ದಾಗ, ದೇವನೂರಿನಲ್ಲಿ ನಮ್ಮ ಪಕ್ಕದ ಜಮೀನಿನವರ ಹುಲ್ಲಿನ ಮೆದೆ ಸುಟ್ಟುಹೋಯಿತು. ವರ್ಷದ ಮೇವು ಪೂರ್ತಿ. ಯಾರ ಬೀಡಿಯೋ, ಯಾರ ಒಲೆಯ ಕಿಡಿಯೋ, ಇವತ್ತಿಗೂ ಗೊತ್ತಿಲ್ಲ. ಆದರೆ ಹಿಂದಿನ ವಾರ ಬದುವಿನ ವಿಷಯಕ್ಕೆ ಅವರಿಗೂ ತಮ್ಮನಿಗೂ ಜಗಳವಾಗಿತ್ತು. ಟೀ ಅಂಗಡಿಯ ಮುಂದೆ, ನಾಲ್ಕು ಜನರ ಎದುರಿಗೆ, ಇವನು ಆ ಕೈದಿಯ ಗೊಗ್ಗರು ದನಿಯಲ್ಲಿ “ಬೂದಿ ಮಾಡ್ಬುಡ್ತೀನಿ” ಅಂದಿದ್ದ. ಅವತ್ತು ಎಲ್ಲರೂ ನಕ್ಕಿದ್ದರು. ಮೆದೆ ಸುಟ್ಟ ಮೇಲೆ ಆ ನಗು ಯಾರಿಗೂ ನೆನಪಿರಲಿಲ್ಲ.

ಗುರುವಾರ ಮಠದ ಜಗಲಿಯಲ್ಲಿ ನ್ಯಾಯ ಸೇರಿತು. ಅವ್ವ ಫೋನು ಮಾಡಿ ಅತ್ತಿದ್ದಕ್ಕೆ ನಾನು ಹೋದೆ. ಬೀಗರ ಮನೆಯ ಕಷ್ಟ ಅಂತ ಅತ್ತೆಯೂ ಜೊತೆಗೆ ಬಂದರು. ಹೆಂಗಸರ ಸಾಲಿನಲ್ಲಿ ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

“ಸ್ವಾಮಾರ ಮದ್ಯಾನ ಎಲ್ಲಿದ್ದೆಲಾ?” ಅಂತ ಕೇಳಿದರು ಯಜಮಾನರು, ಊರಿನಲ್ಲಿ ನ್ಯಾಯ ಹೇಳುವ ಹಿರಿಯರು.

“ನಂಜನಗೂಡಲ್ಲಿ. ಸಿನ್ಮಾದಲ್ಲಿ.”

“ಯಾರಿದ್ರು ಜೊತೇಲಿ?”

ಅವನು ಬನಿಯನ್ನಿನ ಅಂಚು ಎಳೆದುಕೊಂಡ.

“ಒಬ್ಬನೇ ಓಗಿದ್ಯಾ?”

ಒಂದು ಸಲ ನನ್ನ ಕಡೆ ನೋಡಿದ. ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆಯನ್ನೂ ನೋಡಿದ. “ಊಂ,” ಅಂದ.

ಮೆದೆಯವರು ಎದ್ದು ನಿಂತರು. “ಬಾಯ್ಮಾತು ಬ್ಯಾಡ ಸಾ, ಕರ್ಪೂರ ಅಚ್ಚಿ!”

ನಮ್ಮ ಕಡೆ ಮಾತಿಗೆ ಸಾಕ್ಷಿ ಇಲ್ಲದಿದ್ದಾಗ ಹಾಗೆ ಮಾಡುತ್ತಾರೆ. ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. ಯಜಮಾನರು ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿ, ಉರಿಯನ್ನು ಅಂಗೈಯಿಂದ ಬಡಿದು ಆರಿಸಬೇಕು. ಸುಳ್ಳು ಹೇಳಿ ಆರಿಸಿದವನ ಮನೆ ಉದ್ಧಾರವಾಗುವುದಿಲ್ಲ. ಆರಿಸದೆ ಕೈ ತೆಗೆದರೆ ತಪ್ಪು ಒಪ್ಪಿಕೊಂಡ ಹಾಗೆ.

ಅವನು ಬನಿಯನ್‌ಗೆ ಕೈ ಒರೆಸಿಕೊಂಡು ಮುಂದೆ ಬಂದ. “ನಾನು ಮೆದೆ ಸುಟ್ಟಿಲ್ಲ,” ಅಂತ ಯಜಮಾನರು ಹೇಳಿಕೊಟ್ಟರು. ಅದನ್ನು ಗಟ್ಟಿಯಾಗಿ ಹೇಳಿದ. “ಆ ಒತ್ನಲ್ಲಿ ನಾನು ಒಬ್ಬನೇ ಸಿನ್ಮಾದಲ್ಲಿದ್ದೆ,” ಅಂತ ಹೇಳಿಕೊಟ್ಟರು.

ಕೈ ಉರಿಯ ಮೇಲೆ ಒಂದು ಗೇಣು ಎತ್ತರದಲ್ಲಿತ್ತು. “ಆ ಒತ್ನಲ್ಲಿ ನಾನು...” ಅಂದ, ನಿಂತ. ಒಬ್ಬನೇ ಅನ್ನುವ ಮಾತು ಸುಳ್ಳು. ಯಜಮಾನರು ಕೇಳಿದಾಗ ಸುಮ್ಮನೆ ಊಂ ಅನ್ನಬಲ್ಲವನಾಗಿದ್ದ, ಬೆಂಕಿಯ ಮುಂದೆ ಆಗಲಿಲ್ಲ. ಅಕ್ಕ ಜೊತೆಗಿದ್ದಳು ಅನ್ನಲೂ ಆಗಲಿಲ್ಲ. ಕೈ ಹಿಂದಕ್ಕೆ ತೆಗೆದ.

ಜನ “ಓ” ಅಂದರು. ಯಾರೋ ನಕ್ಕು, “ಏನ್ಲಾ, ವಿಷ ಕುಡಿಯೋನ್ಗೆ ಕರ್ಪೂರದ್ ಬಯ?” ಅಂದರು.

ಆಗ ನಾನು ಎದ್ದು ನಿಂತಿದ್ದರೆ ಸಾಕಿತ್ತು. “ನಾನಿದ್ದೆ” ಅನ್ನುವ ಒಂದು ಮಾತು. ಅತ್ತೆಯ ಮೊಣಕೈ ಪಕ್ಕದಲ್ಲಿತ್ತು, ಹರಕೆ ಮುರಿದವಳು ಅನ್ನಿಸಿಕೊಳ್ಳಬೇಕಾಗುತ್ತದೆ ಅಂತ ಲೆಕ್ಕ ಹಾಕಿದೆ. ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡೆ. ಸ್ಕೂಲು ಬಿಟ್ಟು ಸಾಕಿದ ತಮ್ಮನನ್ನು ಅಲ್ಲೇ ಬಿಟ್ಟೆ.

ಅವನಿಗೆ ಹೆಣ್ಣು ಕೊಡಲು ಒಪ್ಪಿದ್ದವರು ಹದಿನೈದು ದಿನದಲ್ಲಿ ಬೇಡ ಅಂದರು. ಟೀ ಅಂಗಡಿಯ ಬೆಂಚಿನಲ್ಲಿ ಅವನು ಕೂತರೆ ಉಳಿದವರು ಎದ್ದರು. ವಿಷಗಾಳಿ ಅನ್ನುವ ಮಾತನ್ನು ರೇಗಿಸುವುದಕ್ಕೆ ಆಡುತ್ತಿದ್ದವರು ಈಗ ನಿಜವಾಗಿ ಭಯದಿಂದ ಆಡತೊಡಗಿದರು. ಆರು ತಿಂಗಳಿಗೆ ಅವನು ಊರು ಬಿಟ್ಟು ಮುಡುಕುತೊರೆಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಕೆಲಸಕ್ಕೆ ಸೇರಿಕೊಂಡ. ನನಗೆ ಫೋನು ಮಾಡುವುದನ್ನೂ ಬಿಟ್ಟ.

ನನಗೆ ಆ ವರ್ಷವೇ ಮಗಳು ಹುಟ್ಟಿದಳು. ಐದು ಸೋಮವಾರದ ಫಲ ಅಂದರು ಎಲ್ಲರೂ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮಗಳಿಗೆ ಜ್ವರ ಬಂದಾಗಲೆಲ್ಲ ನಾನು ಮುಳುಗದ ಆ ಒಂದು ಮುಳುಗು ನೆನಪಾಗುತ್ತಿತ್ತು, ತಮ್ಮ ನೆನಪಾಗುತ್ತಿದ್ದದ್ದು ಅದಾದ ಮೇಲೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಈ ವರ್ಷ ಐದನೇ ಭಾಗ ಬಂತು. ಟಿ. ನರಸೀಪುರದ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಆ ಬೋಳು ತಲೆಯ ಪೋಸ್ಟರ್ ನೋಡಿ ಮನೆಗೆ ಬಂದವಳು, ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ.

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಕಣವ್ವ,” ಅಂದರು. “ಅವತ್ತು ಕವರಲ್ಲಿದ್ದ ಸೀರೆ ಒಣಗಿತ್ತು.”

ಮಡಿಕೆ ಕೂಡ ಬಿಚ್ಚದ ಸೀರೆಯನ್ನು ಹಾಗೇ ತಂದಿದ್ದೆ.

“ಮಟದಲ್ಲಿ ಅವ್ನು ಕೈ ತಗ್ದಾಗ ಎಲ್ಲಾ ತಿಳೀತು. ಈಗೆದ್ದಾಳು, ಈಗೆದ್ದಾಳು ಅಂತ ಪಕ್ಕದಲ್ಲೇ ಕೂತಿದ್ದೆ.”

“ಗೊತ್ತಿದ್ದು ನೀವಾದರೂ ಯಾಕೆ ಹೇಳಲಿಲ್ಲ ಅತ್ತೆ?”

“ತಮ್ಮ ನಿನ್ನೋನು. ಬಾಯೂ ನಿಂದೇ,” ಅಂದರು. ಇನ್ನೊಂದು ಕಾಯಿ ಬಿಡಿಸಿ, “ತಮ್ಮನ್ ಜೊತೆ ಸಿನ್ಮಾಗೋಗಿದ್ದೆ ಅಂದಿದ್ರೆ ನಾನೇನು ನಿನ್ ತಲೆ ಕಡೀತಿದ್ನಾ? ಒಂದಿನ ಬೈತಿದ್ದೆ,” ಅಂದರು.

ಒಂದು ದಿನದ ಬೈಗುಳ. ನಾನು ತಮ್ಮನನ್ನು ಕೊಟ್ಟು ಉಳಿಸಿಕೊಂಡದ್ದು ಅಷ್ಟು.

ಮಾರನೇ ದಿನ ದೇವನೂರಿಗೆ ಹೋಗಿ ಯಜಮಾನರಿಗೂ ಹೇಳಿದೆ. ಅವರಿಗೆ ಈಗ ಕಿವಿ ಮಂದ, ಎರಡೆರಡು ಸಲ ಕೂಗಿ ಹೇಳಬೇಕಾಯಿತು. “ಆಗಿದ್ದಾಯ್ತು ಬುಡು ಮಗಾ. ಮೆದೆಯವ್ನೂ ಸತ್ತೋದ. ಇನ್ ಯಾರ್ನ ಕೂರ್ಸಿ ನ್ಯಾಯ ಮಾಡಾನ?” ಅಂದರು. ಅವರ ಸೊಸೆ ಕಾಫಿ ಕೊಟ್ಟಳು.

ಅಲ್ಲಿಂದ ಮುಡುಕುತೊರೆಗೆ ಹೋದೆ. ರಸ್ತೆ ಬದಿಯಲ್ಲಿ ಕಬ್ಬು ತುಂಬುತ್ತಿದ್ದ ಟ್ರ್ಯಾಕ್ಟರಿನ ನೆರಳಿನಲ್ಲಿ ಅವನು ಕೂತಿದ್ದ. ತಲೆಯ ತುಂಬ ಕೂದಲು ಬೆಳೆದಿತ್ತು, ಕಿವಿಯ ಹತ್ತಿರ ಆಗಲೇ ನರೆ. ಬಿಳಿ ಅಂಗಿ. ನನ್ನನ್ನು ನೋಡಿ ಎದ್ದು, ಗೋಣಿಚೀಲ ಕೊಡವಿ ಕೂರಲು ಹಾಕಿದ.

“ಹೇಳಿಬಿಟ್ಟೆ ಕಣೋ,” ಅಂದೆ. “ಅತ್ತೆಗೆ, ಯಜಮಾನರಿಗೆ. ಅವತ್ತು ನಾನಿದ್ದೆ ಅಂತ.”

“ಏನಂದ್ರು?”

“ಆಗಿದ್ದಾಯ್ತು ಅಂದರು.”

“ಊಂ. ಆಗಿದ್ದು ನಂಗಲ್ವಾ,” ಅಂದ.

ಕಾಲು ಹಿಡಿಯಲು ಬಗ್ಗಿದೆ. “ಬ್ಯಾಡ, ಅಕ್ಕ ನೀನು,” ಅಂತ ಹಿಂದೆ ಸರಿದ. ಆಮೇಲೆ ನಾವಿಬ್ಬರೂ ಆಳುಗಳು ಕಬ್ಬು ಎತ್ತಿ ಹಾಕುವುದನ್ನು ನೋಡುತ್ತ ಕೂತೆವು. ಮಾತು ಬೇಕು ಅನ್ನಿಸಿ, “ಐದನೇದು ಬಂದಿದೆಯಂತೆ, ನೋಡಿದೆಯಾ?” ಅಂತ ಕೇಳಿದೆ.

“ಇಲ್ಲ. ಇದ್ರಲ್ಲಿ ಅವ್ನು ಬಾಯ್ ಬುಡ್ತಾನಂತೆ. ನಾನ್ ಮಾಡಿಲ್ಲ ಅಂತ ಕೊನೇಲಿ ಏಳ್ತಾನಂತೆ.”

“ಎಲ್ಲರೂ ನಂಬುತ್ತಾರಾ?”

“ಸಿನ್ಮಾದಲ್ವಾ, ನಂಬ್ತಾರೆ,” ಅಂದ. ಆಳು ಕೂಗಿದ್ದಕ್ಕೆ ಎದ್ದು ಹೋಗಿ ಟ್ರ್ಯಾಕ್ಟರ್ ಹತ್ತಿದ. “ಮೂರೂವರೆಗೆ ಬಸ್ಸದೆ, ತಪ್ಪುದ್ರೆ ಇನ್ ಸಂಜೇಗೆ,” ಅಂತ ಮೇಲಿನಿಂದಲೇ ಹೇಳಿದ. ಮಗಳನ್ನು ಒಂದು ಸಲ ನೋಡಲು ಬಾ ಅಂತ ನಾನು ಕರೆದದ್ದು ಇಂಜಿನ್ ಸದ್ದಿನಲ್ಲಿ ಅವನಿಗೆ ಕೇಳಿಸಿರಬಹುದು. ಕೈ ಎತ್ತಿದ. ಬರುತ್ತೇನೆ ಅಂತಲೋ, ಹೊರಡು ಅಂತಲೋ, ಕೇಳಲು ನನಗೆ ಬಾಯಿ ಬರಲಿಲ್ಲ.