ನಡುವೆ ಬೀಳುವ ಚೆಂಡು

ನೈರೋಬಿಯ ಕನ್ನಡಿಗರ ಥ್ರೋಬಾಲ್ ತಂಡಕ್ಕೆ ಒಂದು ಕಾಲದಲ್ಲಿ ಒಳ್ಳೆಯ ಹೆಸರಿತ್ತಂತೆ. ನಾನು ಎಂ.ಎಸ್ಸಿ. ಮುಗಿಸಿ, ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ, ಅಣ್ಣ ಅತ್ತಿಗೆಯ ಮನೆ ಸೇರುವ ಹೊತ್ತಿಗೆ ಆ ಕಾಲ ಮುಗಿದಿತ್ತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹಳೆಯ ತಂಡದ ಹೆಂಗಸರಲ್ಲಿ ಕೆಲವರು ಗಂಡಂದಿರ ಕೆಲಸದ ಅವಧಿ ಮುಗಿದು ಊರಿಗೆ ಮರಳಿದ್ದರು, ಕೆಲವರು ಕೆನಡಾ ಸೇರಿದ್ದರು, ಒಬ್ಬರಿಗೆ ಮಂಡಿ ಕೈಕೊಟ್ಟಿತ್ತು. ಉಳಿದವರು ಅತ್ತಿಗೆ ಒಬ್ಬರೇ. ಅವರು ಸುಮ್ಮನೆ ಕೂರುವವರಲ್ಲ. ಮನೆಮನೆಗೆ ಫೋನ್ ಮಾಡಿ, ನೈರೋಬಿಯಲ್ಲೇ ಬೆಳೆದ ಆರು ಹುಡುಗಿಯರನ್ನು ಒಟ್ಟುಮಾಡಿ ಹೊಸ ತಂಡ ಕಟ್ಟಿದರು. ಆ ಆರರಲ್ಲಿ ಒಬ್ಬಳು ಅವರ ಮಗಳೇ. ಹದಿನೈದರ ಹುಡುಗಿ, ಅಮ್ಮನ ಯಾವ ಮಾತಿಗೂ ಉತ್ತರ ಬಾಕಿ ಇಡದವಳು.

ಭಾರತೀಯ ಸಂಘಗಳೆಲ್ಲ ಸೇರಿ ವರ್ಷಕ್ಕೊಮ್ಮೆ ನಡೆಸುವ ಪಂದ್ಯಾವಳಿಯಲ್ಲಿ ಈ ಹೊಸ ತಂಡ ಎರಡು ಸಲ ಆಡಿತು. ಎರಡು ಸಲವೂ ಮೊದಲ ಪಂದ್ಯದಲ್ಲೇ ಗುಜರಾತಿ ಹೆಂಗಸರ ತಂಡಕ್ಕೆ ಸೋತು ಮನೆಗೆ ಬಂತು.

ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಕೆಂಪು ಮಣ್ಣಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅಭ್ಯಾಸ ನಡೆಯುತ್ತಿತ್ತು. ಪಕ್ಕದ ಸಿಮೆಂಟಿನ ಮೆಟ್ಟಿಲುಗಳ ಮೇಲೆ ನಮ್ಮ ಅಭಿಮಾನಿಗಳು. ಮಕ್ಕಳನ್ನು ಕಾರಿನಲ್ಲಿ ಬಿಡಲು ಬಂದು, ಫ್ಲಾಸ್ಕಿನ ಕಾಫಿಗೂ ನಮ್ಮ ಬನ್ಸಿನ ಹಾಗೆ ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿಗೂ ಉಳಿದುಕೊಂಡವರು. ಅಲ್ಲಿಗೆ ಚಳಿಗಾಲವಾದ ಜುಲೈ ತಿಂಗಳಲ್ಲಿ ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು ನಾನೂ ಅವರ ಜೊತೆ ಕೂರುತ್ತಿದ್ದೆ. ಮಾತೆಲ್ಲ ಇಬ್ಬರದೇ. ಒಬ್ಬರು ಸಂಘದ ಆಟೋಟ ನೋಡಿಕೊಳ್ಳುತ್ತಿದ್ದ ಮಂಗಳೂರಿನ ಅಂಕಲ್. ಇನ್ನೊಬ್ಬರು ಮಂಡಿನೋವಿನಿಂದ ಆಟ ಬಿಟ್ಟ ಮೈಸೂರಿನ ಆಂಟಿ. ಹಳೆಯ ತಂಡದಲ್ಲಿ ಅವರ ಸರ್ವೀಸ್ ಹಿಡಿಯುವವರೇ ಇರಲಿಲ್ಲ ಎಂಬುದನ್ನು ಅವರ ಬಾಯಿಂದಲೇ ಎಲ್ಲರೂ ಕೇಳಿದ್ದೆವು.

"ಈ ಮಕ್ಕಳಲ್ಲಿ ಎಂತ ಉಂಟು ಹೇಳಿ ನೀವು?" ಎಂದು ಅಂಕಲ್ ಶುರುಮಾಡುತ್ತಿದ್ದರು. "ಆ ಉದ್ದದವಳು ನೋಡಿ, ಚೆಂಡನ್ನು ಎದೆಗೆ ಅಪ್ಪಿ ಹಿಡೀತಾಳೆ, ಫೌಲ್ ಅಲ್ವಾ ಅದು? ಶಾಲೆಯ ನೆಟ್‌ಬಾಲ್ ಬುದ್ಧಿ ಹೋಗಲೇ ಇಲ್ಲ."

"ಎತ್ತರ ಇದೆಯಲ್ಲ ರೀ. ಎರಡು ವರ್ಷ ಕೊಡಿ, ನೆಟ್ ಹತ್ತಿರ ಗೋಡೆ ನಿಂತ ಹಾಗೆ ನಿಲ್ತಾಳೆ."

"ಎರಡು ವರ್ಷದಿಂದ ನೀವು ಅದನ್ನೇ ಹೇಳುದು ಮಾರಾಯ್ರೆ!"

"ಎಡಗೈ ಹುಡುಗಿ?"

"ಕೈ ಒಳ್ಳೆದುಂಟು. ಧೈರ್ಯ ಇಲ್ಲ."

ಎಡಗೈ ಹುಡುಗಿ ಗೆರೆಯ ಹತ್ತಿರದಿಂದಲೇ ತಿರುಗಿ, "ಅಂಕಲ್, ಐ ಕೆನ್ ಹಿಯರ್ ಯೂ," ಎಂದಳು. ಅಂಕಲ್ ಮಂದಾಜಿಯನ್ನು ಬಾಯಿಗಿಟ್ಟುಕೊಂಡರು. ಕನ್ನಡದಲ್ಲಿ ಆಡಿದ್ದು ಮಕ್ಕಳಿಗೆ ತಿಳಿಯುವುದಿಲ್ಲ ಎಂದು ದೊಡ್ಡವರು ಪ್ರತಿ ವಾರ ಹೊಸದಾಗಿ ನಂಬುತ್ತಿದ್ದರು.

ಮೂರನೆಯ ವರ್ಷದ ಪಂದ್ಯಾವಳಿಗೆ ಇನ್ನು ಕೆಲವೇ ವಾರಗಳಿದ್ದಾಗ ಅಂಕಲ್ ಅತ್ತಿಗೆಯ ಎದುರಿಗೇ ಹೇಳಿಬಿಟ್ಟರು. "ಬೇಜಾರು ಮಾಡ್ಬೇಡಿ. ಈ ಸಲವೂ ಮೊದಲ ಪಂದ್ಯ ಸೋತ್ರೆ ಮುಂದಿನ ವರ್ಷ ತಂಡ ಕಳಿಸುದು ಬೇಡ ಅಂತ ಕಮಿಟಿಯಲ್ಲಿ ಮಾತಾಗಿದೆ. ಬ್ಯಾಡ್ಮಿಂಟನ್‌ಗಾದ್ರೆ ಇಬ್ಬರು ಸಾಕಲ್ಲ."

ಅತ್ತಿಗೆ ತಲೆಯಾಡಿಸಿ ಚೆಂಡುಗಳನ್ನು ಚೀಲಕ್ಕೆ ತುಂಬಿದರು. ಮನೆಗೆ ಬಂದು ಹುರುಳಿಕಾಯಿ ಸೋಸುತ್ತಾ ನನಗೆ ಹೇಳಿದರು: "ನಾನು ಆಟ ಬಿಡೋದು ದೊಡ್ಡ ವಿಷಯ ಅಲ್ಲ ಕಣೆ. ಒಬ್ಬಳು ಎಂಬಕಸಿ ಕಡೆಯಿಂದ ಬರ್ತಾಳೆ, ಒಬ್ಬಳು ಮುಥೈಗಾದಿಂದ. ಶಾಲೆ ಬೇರೆ, ಮನೆ ಬೇರೆ. ಈ ಆಟ ನಿಂತರೆ ಈ ಹುಡುಗೀರು ಒಬ್ಬರ ಮುಖ ಒಬ್ಬರು ನೋಡೋದೂ ನಿಂತುಹೋಗುತ್ತೆ."

ಮುಂದಿನ ಭಾನುವಾರ ನಾನು ಕಾಫಿ ಮರೆತು ಆಟ ನೋಡಿದೆ. ಹುಡುಗಿಯರ ಹಿಡಿತ ಚೆನ್ನಾಗಿಯೇ ಇತ್ತು, ಎಸೆತವೂ ಇತ್ತು. ಆದರೂ ಚೆಂಡು ನೆಲಕ್ಕೆ ಬೀಳುತ್ತಿತ್ತು. ಬೀಳುತ್ತಿದ್ದದ್ದು ಹೆಚ್ಚಾಗಿ ಒಂದೇ ಕಡೆ, ಅಂಗಳದ ನಡುವೆ ನಿಂತ ಅತ್ತಿಗೆಗೂ ಅವರ ಪಕ್ಕದವಳಿಗೂ ಮಧ್ಯೆ. ಅತ್ತಿಗೆಯ ಕೈ ಮೇಲೆದ್ದದ್ದೇ ತಡ, ಆಂಟಿ ಹಿಡಿಯಲಿ ಎಂದು ಹುಡುಗಿ ಹಿಂದೆ ಸರಿಯುತ್ತಿದ್ದಳು. ಹುಡುಗಿ ಮುಂದೆ ಬಂದದ್ದು ಕಂಡರೆ, ಮಗು ಕಲಿಯಲಿ ಎಂದು ಅತ್ತಿಗೆ ಕೈ ಇಳಿಸುತ್ತಿದ್ದರು. ಊಟದ ಮನೆಯಲ್ಲಿ ಕೊನೆಯ ಹೋಳಿಗೆಯನ್ನು ಒಬ್ಬರಿಗೊಬ್ಬರು ಉಪಚಾರ ಮಾಡಿ ತಟ್ಟೆಯಲ್ಲೇ ಉಳಿಸುತ್ತಾರಲ್ಲ, ಹಾಗೆ ಪಾಯಿಂಟುಗಳು ಹೋಗುತ್ತಿದ್ದವು. ಗುಜರಾತಿ ತಂಡ ಎರಡು ವರ್ಷವೂ ಚೆಂಡನ್ನು ಅಲ್ಲಿಗೇ ಹಾಕಿತ್ತು.

ಈ ಮರ್ಯಾದೆಯೆಲ್ಲ ಇಲ್ಲದವಳು ಒಬ್ಬಳೇ, ಅತ್ತಿಗೆಯ ಮಗಳು, ನನ್ನ ಸೋದರಸೊಸೆ. ಅಮ್ಮನೊಡನೆ ಅಂಗಳದಲ್ಲೂ ವಾದಕ್ಕಿಳಿದಳೆಂದು ಅವಳನ್ನು ಹಿಂದಿನ ಮೂಲೆಗೆ ಕಳಿಸಿದ್ದರು.

"ಎಂತ ಮೇಡಂ, ನೀವು ಒಂದೂ ಮಾತಾಡುದಿಲ್ವಲ್ಲ?" ಎಂದು ಅಂಕಲ್ ನನ್ನತ್ತ ತಿರುಗಿದರು.

ಸಾಮಾನ್ಯವಾಗಿ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅಂದು ಹೇಳಿದೆ. "ಮಗಳನ್ನ ಅಮ್ಮನ ಪಕ್ಕ ನಿಲ್ಲಿಸಬೇಕು. ಅವಳೊಬ್ಬಳೇ ಚೆಂಡು ಬಿಟ್ಟುಕೊಡದೆ ಇರೋದು."

ಮೈಸೂರಿನ ಆಂಟಿ ಗಟ್ಟಿಯಾಗಿ ನಕ್ಕರು. "ಅವರಿಬ್ಬರನ್ನ ಪಕ್ಕಪಕ್ಕ ನಿಲ್ಲಿಸಿದರೆ ಚೆಂಡು ಯಾಕಮ್ಮ ಬೇಕು? ಜಗಳ ನೋಡೋಕೇ ಜನ ಸೇರ್ತಾರೆ!"

ಮನೆಯಲ್ಲಿ ಅತ್ತಿಗೆಗೂ ಹೇಳಿದೆ, ನಾನು ನೋಡಿದ್ದನ್ನೆಲ್ಲ ಬಿಡಿಸಿ ಹೇಳಿದೆ. "ಅವಳ ಪಕ್ಕ ನಿಂತು ಚಪಾತಿ ಲಟ್ಟಿಸೋಕೇ ಆಗಲ್ಲ ನನಗೆ," ಎಂದು ಅವರು ಮಾತು ಮುಗಿಸಿದರು.

ಆ ವರ್ಷದ ಪಂದ್ಯಾವಳಿ ಅದೇ ಶಾಲೆಯ ಅಂಗಳದಲ್ಲಿ ನಡೆಯಿತು. ಪಂದ್ಯದ ದಿನವೂ ಮಗಳು ಮೂಲೆಯಲ್ಲೇ ಇದ್ದಳು. ಎದುರಿಗೆ ಮತ್ತೆ ಅದೇ ಗುಜರಾತಿ ತಂಡ. ಮೂರರಲ್ಲಿ ಎರಡು ಸೆಟ್ ಗೆಲ್ಲಬೇಕು. ಮೊದಲ ಸೆಟ್ ನೋಡುನೋಡುತ್ತಲೇ ಹೋಯಿತು. ಚೆಂಡು ನಡುವೆ ಬಿದ್ದಾಗಲೆಲ್ಲ ಉದ್ದನೆಯ ಹುಡುಗಿ "ಸಾರಿ ಆಂಟಿ" ಎನ್ನುವುದು, ಅತ್ತಿಗೆ "ಪರವಾಗಿಲ್ಲ ಪುಟ್ಟಾ" ಎನ್ನುವುದು. ಅಂಕಲ್ ಆಗಲೇ ಬ್ಯಾಡ್ಮಿಂಟನ್ ಬಗ್ಗೆ ಮಾತೆತ್ತಿದ್ದರು.

ಅಂಗಳ ಬದಲಿಸುವಾಗ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮೆಟ್ಟಿಲ ಕಡೆಗೆ, ನನ್ನ ಕಡೆಗೇ ಒಮ್ಮೆ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಮಗಳನ್ನು ಕರೆದು ತಮ್ಮ ಪಕ್ಕದ ಜಾಗ ತೋರಿಸಿದರು.

ಎರಡನೆಯ ಸೆಟ್ಟಿನ ಮೊದಲ ಚೆಂಡು ನೇರವಾಗಿ ಆ ಹಳೆಯ ಜಾಗಕ್ಕೇ ಬಂತು. ಅತ್ತಿಗೆ ಕೈ ಎತ್ತಿದರು. "ಮೈನ್! ಅಮ್ಮಾ, ಮೂವ್!" ಎಂದು ಕಿರುಚಿದ ಮಗಳು ತಾಯಿಯನ್ನು ಸೊಂಟದಿಂದ ಒಂದು ನೂಕು ನೂಕಿ, ಚೆಂಡು ಹಿಡಿದು, ಎದುರಿನ ಖಾಲಿ ಮೂಲೆಗೆ ಎಸೆದಳು. ಪಾಯಿಂಟ್.

"ಏನೇ ಇದು, ದಬ್ತೀಯಾ ನನ್ನ?"

"ಯೂ ವರ್ ಸ್ಲೀಪಿಂಗ್!"

ಜಗಳ ಶುರುವಾಯಿತೆಂದೇ ಮೆಟ್ಟಿಲ ಮೇಲಿದ್ದವರೆಲ್ಲ ಅಂದುಕೊಂಡರು. ಆಮೇಲೆ ಅತ್ತಿಗೆಯೇ ನಕ್ಕರು. ಆ ನಗು ಕಂಡದ್ದೇ ಉಳಿದ ಹುಡುಗಿಯರ ಮೈ ಸಡಿಲಾಯಿತು. ಆಂಟಿಯನ್ನು ದಬ್ಬಿದರೆ ಆಕಾಶ ಬೀಳುವುದಿಲ್ಲ ಎಂದು ಅವರಿಗೆ ಕಣ್ಣಾರೆ ತಿಳಿದಿತ್ತು. ಸ್ವಲ್ಪ ಹೊತ್ತಿಗೆ ಉದ್ದನೆಯವಳು "ಆಂಟಿ, ಮೈನ್!" ಎಂದು ಕೂಗಿ ಅತ್ತಿಗೆಯ ಮುಂದಿನಿಂದಲೇ ಚೆಂಡು ಕಸಿದಳು. ಎದೆಗೆ ಅಪ್ಪಿಕೊಳ್ಳಲೂ ಇಲ್ಲ. ಅತ್ತಿಗೆ ಅವಳ ಬೆನ್ನಿಗೊಂದು ಗುದ್ದು ಕೊಟ್ಟರು. ಸೆಟ್ ನಮ್ಮದಾಯಿತು.

"ಎತ್ತರ ಇದೆ ಅಂತ ನಾನು ಹೇಳಿರಲಿಲ್ವೇನ್ರಿ?" ಮೈಸೂರಿನ ಆಂಟಿ ಅಂಕಲ್‌ನ ತೋಳು ಹಿಡಿದು ಅಲುಗಾಡಿಸಿದರು.

"ಹೇಳಿದ್ದು ನಾನು ಮಾರಾಯ್ತಿ! ಕೂತ್ಕೊಳ್ಳಿ, ಮಂಡಿ!"

ಅವರು ಕೂರಲಿಲ್ಲ. ಮೂರನೆಯ ಸೆಟ್ಟಿನ ಕೊನೆಯವರೆಗೂ ಎರಡು ತಂಡಗಳು ಒಂದರ ಬೆನ್ನಿಗೊಂದು ಅಂಟಿಕೊಂಡೇ ಸಾಗಿದವು. ಗೆಲುವಿಗೆ ಒಂದೇ ಪಾಯಿಂಟ್ ಬೇಕಿದ್ದಾಗ ಸರ್ವೀಸ್ ಎಡಗೈ ಹುಡುಗಿಯ ಪಾಲಿಗೆ ಬಂತು. ಅವಳು ಚೆಂಡನ್ನು ಅಂಗೈಯಲ್ಲಿ ತೂಗಿ ನೋಡಿ, ನೆಟ್ಟಿನ ಅಂಚಿನ ಮೇಲೆ ಸವರಿ ಹೋಗುವ ಹಾಗೆ ಬೀಸಿದಳು. ಎದುರು ಅಂಗಳದಲ್ಲಿ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಚೆಂಡು ಅವರ ನಡುವೆ ಬಿತ್ತು.

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಹುಡುಗಿಯರು ಅತ್ತಿಗೆಯನ್ನು ಕೆಡವಿ ಮೇಲೆ ಬಿದ್ದಿದ್ದರು. ಅವರ ಬಿಳಿ ಟೀ ಶರ್ಟಿನ ತುಂಬ ಕೆಂಪು ಮಣ್ಣು. ನಾನು ಎದ್ದು ನಿಂತು, ನನ್ನದೆಂದು ನನಗೇ ಗುರುತು ಸಿಗದ ಗಂಟಲಿನಲ್ಲಿ ಕೂಗುತ್ತಿದ್ದೆ. ಮಗಳು ಆಗಲೇ ಅಮ್ಮನಿಗೆ, ಎರಡನೆಯ ಸೆಟ್ಟಿನ ಯಾವುದೋ ಚೆಂಡನ್ನು ನೀನು ಹಿಡಿಯಲೇಬಾರದಿತ್ತು ಎಂದು ವಿವರಿಸುತ್ತಿದ್ದಳು.

ಎರಡನೆಯ ಸುತ್ತಿನ ಪಂದ್ಯ ಮಧ್ಯಾಹ್ನಕ್ಕಿತ್ತು. "ಮಕ್ಕಳಿಗೆ ಊಟ ಮಾಡಿಸಿಬಿಡಿ," ಎಂದರು ಅತ್ತಿಗೆ, ಕೂದಲಿನಿಂದ ಮಣ್ಣು ಕೊಡವುತ್ತಾ.

ನಾವೆಲ್ಲ ಒಬ್ಬರನ್ನೊಬ್ಬರು ನೋಡಿದೆವು. ಊಟ ಯಾರೂ ತಂದಿರಲಿಲ್ಲ. ಹೋದ ಎರಡು ಸಲದ ಹಾಗೆ ಹನ್ನೆರಡರೊಳಗೆ ಮನೆ ಸೇರುತ್ತೇವೆಂದು ಎಲ್ಲರೂ ಅನ್ನಕ್ಕೆ ಅಕ್ಕಿ ತೊಳೆದಿಟ್ಟು ಬಂದಿದ್ದರು. ಅತ್ತಿಗೆಯ ಕಾರಿನಲ್ಲೂ ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ.

"ನೀವೂ ತಂದಿಲ್ವಾ?" ಎಂದು ಅಂಕಲ್ ಅವರನ್ನು ಕೇಳಿದರು.

ಅತ್ತಿಗೆಯ ಮುಖ ಕೆಂಪಾಯಿತು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂಕಲ್ ಜೇಬಿನಿಂದ ಕಾರಿನ ಬೀಗದ ಕೈ ತೆಗೆದರು. "ಚಿಪ್ಸ್, ಬಜಿಯಾ ಎಂತ ಸಿಗ್ತದೋ ತರ್ತೇನೆ. ಮುಂದಿನ ವರ್ಷ ಮಾತ್ರ ಬುತ್ತಿ ಕಟ್ಟಿಸ್ಕೊಂಡೇ ಬರುವ. ಕಮಿಟಿಗೆ ನಾನು ಹೇಳ್ತೇನೆ." ಹೀಗೆಂದು ಅವರು ಗೇಟಿನ ಕಡೆ ಓಡಿದರು.